ಎತ್ತುವ ಹಗ್ಗ

ಬೈಬಲ್ ತಂದಿರೋರು, ಮೊಬೈಲಲ್ಲಿ ಓದೋರು, ಎಲ್ಲರೂ ಯೆರೆಮೀಯ 38ನೇ ಅಧ್ಯಾಯ ತೆಗೀರಿ. ಅಷ್ಟರಲ್ಲಿ ನನ್ನ ಕೈಯಲ್ಲಿರೋ ಹಗ್ಗ ನೋಡಿ. ಅರಸೀಕೆರೆ ಕಡೆಯ ತೆಂಗಿನ ನಾರಿನ ಹಗ್ಗ. ಸಿಟಿಯಲ್ಲಿ ಬೆಳೆದ ನಿಮಗೆ ಹಗ್ಗ ಅಂದ್ರೆ ಬಟ್ಟೆ ಒಣಗಿಸೋಕೆ, ಅಷ್ಟೇ.

ಚಿಕ್ಕವನಿದ್ದಾಗ ನಾನೊಂದು ಕರುವಿನ ಕೊರಳಿಗೆ ಜೀರುಗುಣಿಕೆ ಹಾಕಿ ಕಟ್ಟಿದ್ದೆ. ಎಳೆದಷ್ಟೂ ಬಿಗಿಯೋ ಗಂಟು ಅದು. ಕರು ಬೆದರಿ ಎಳೀತು, ನಾಲಿಗೆ ಹೊರಗೆ ಬಂತು. ಅಜ್ಜ ಓಡಿಬಂದು ಕುಡುಗೋಲಿಂದ ಹಗ್ಗ ಕೊಯ್ದರು, ಕರು ಉಳೀತು. ನನಗೆ ಹೊಡೀಲಿಲ್ಲ. ಕೂರಿಸಿ ಇನ್ನೊಂದು ಗಂಟು ಕಲಿಸಿದರು. ಸ್ಕೌಟಲ್ಲಿ ಇದ್ದವರು ಇದನ್ನ ಬೌಲೈನ್ ಅಂತೀರಿ.

ನೋಡಿ, ಹಗ್ಗದ ಮಧ್ಯೆ ಒಂದು ಸಣ್ಣ ಸುರುಳಿ, ಇದು ಬಿಲ. ಮೇಲಕ್ಕೆ ಹೋಗೋ ಹಗ್ಗ ತೆಂಗಿನ ಮರ. ತುದಿ ಇಲಿ. ಇಲಿ ಬಿಲದಿಂದ ಮೇಲೆ ಬರುತ್ತೆ, ಮರದ ಹಿಂದೆ ಸುತ್ತುತ್ತೆ, ಅದೇ ಬಿಲಕ್ಕೆ ಇಳಿಯುತ್ತೆ. ಈಗ ಎಳೀರಿ. ಗಂಟು ಗಟ್ಟಿಯಾಯ್ತು, ಕುಣಿಕೆ ಮಾತ್ರ ಅಷ್ಟೇ ಅಗಲ ಉಳೀತು! ದನದ ಕೊರಳಿಗೆ ಇದು, ಬಾವಿಗೆ ಬಿದ್ದವರ ಕಂಕುಳ ಕೆಳಗೆ ಇದು. ಎಷ್ಟೇ ಭಾರ ಎತ್ತಿದರೂ ಆಮೇಲೆ ಸುಲಭವಾಗಿ ಬಿಚ್ಚಬಹುದು. ನೈಲಾನ್ ಹಗ್ಗ ಜಾರುತ್ತೆ, ಅದರಲ್ಲಿ ತುದಿ ಉದ್ದ ಬಿಟ್ಟು ಇನ್ನೊಂದು ಗಂಟು ಹಾಕಬೇಕು. ಭಾರ ಇಲ್ಲದೆ ಅಲ್ಲಾಡ್ತಾ ಇದ್ದರೂ ಸಡಿಲ ಆಗುತ್ತೆ, ನೆನಪಿಡಿ.

ಈಗ ವಾಕ್ಯಕ್ಕೆ ಬನ್ನಿ. ಅಧಿಪತಿಗಳು ಯೆರೆಮೀಯನನ್ನ ಬಾವಿಗೆ ಇಳಿಸಿದರು. ನೀರಿಲ್ಲ, ಬರೀ ಕೆಸರು, ಪ್ರವಾದಿ ಹೂತುಹೋದ. ಇಳಿಸಿದ್ದೂ ಹಗ್ಗದಿಂದಲೇ, ಗಮನಿಸಿದ್ರಾ? ಕೂಷ್ ದೇಶದ ಎಬೆದ್ಮೆಲೆಕ ಅರಸನ ಹತ್ತಿರ ಹೋಗಿ ಮಾತಾಡಿದ, ಅಪ್ಪಣೆ ತಂದ. ಸೀದಾ ಬಾವಿಗೆ ಹೋಗಲಿಲ್ಲ ಕಣ್ರೀ! ಮೊದಲು ಅರಮನೆಯಲ್ಲಿ ಹಳೇ ಬಟ್ಟೆ, ಹರಕು ಚಿಂದಿ ಹುಡುಕಿದ. ಅದನ್ನ ಇಳಿಸಿ, ಕಂಕುಳಿಗೆ ಇಟ್ಟುಕೊಂಡು ಮೇಲೆ ಹಗ್ಗ ಹಾಕ್ಕೋ ಅಂದ. ಸಾಯೋ ಮನುಷ್ಯನ ಕಂಕುಳ ಚರ್ಮದ ಬಗ್ಗೆ ಯಾರು ಯೋಚಿಸ್ತಾರೆ? ಇವನು ಯೋಚಿಸಿದ. ಹಲ್ಲೆಲೂಯಾ!

ನಾನು ಯೋಚಿಸಲಿಲ್ಲ. ಆನ್‌ಲೈನ್ ಬೆಟ್ಟಿಂಗಿನ ಸಾಲದಲ್ಲಿ ಮುಳುಗಿದ್ದ ಒಬ್ಬ ತಮ್ಮ ನನ್ನ ಹತ್ತಿರ ಅತ್ತುಕೊಂಡು ಬಂದಿದ್ದ. ಮುಂದಿನ ಭಾನುವಾರ, ಹೆಸರು ಹೇಳದೆ, ಆದರೆ ಎಲ್ಲರಿಗೂ ಗೊತ್ತಾಗೋ ಹಾಗೆ ಪ್ರಸಂಗದಲ್ಲಿ ಹೇಳಿಬಿಟ್ಟೆ. ಎತ್ತುತ್ತಾ ಇದ್ದೀನಿ ಅಂದ್ಕೊಂಡೆ, ಹಾಕಿದ್ದು ಜೀರುಗುಣಿಕೆ. ಅವತ್ತಿಂದ ಅವನು ಸಭೆಗೆ ಬಂದಿಲ್ಲ. ನಿಮ್ಮ ರೂಮ್‌ಮೇಟ್, ನಿಮ್ಮ ತಂಗಿ, ಕಸಿನ್, ಯಾರ ಗುಟ್ಟು ನಿಮ್ಮ ವಾಟ್ಸಾಪ್ ಗ್ರೂಪಲ್ಲಿ ಪ್ರಾರ್ಥನಾ ವಿಷಯ ಅಂತ ಓಡಾಡ್ತಾ ಇದೆ?

ನಿನ್ನೆ ಅವನಿಗೆ ಫೋನ್ ಮಾಡಿದೆ, ತೆಗೀಲಿಲ್ಲ. ಇವತ್ತು ಕ್ಷಮೆ ಕೇಳೋಕೆ ಅವನ ಮನೆಗೆ ಹೋಗ್ತೀನಿ, ಒಬ್ಬನೇ. ನನಗೋಸ್ಕರ ಪ್ರಾರ್ಥನೆ ಮಾಡಿ. ಎಲ್ಲರೂ ಎದ್ದು ನಿಲ್ಲೋಣ.