ಅಂಗೈಯಗಲದ ಗಣಿತ

ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಒಂದು ಕಲ್ಲು ತೂಗಿಬಿಟ್ಟು, ಪಿಯುಸಿ ಓದುವ ಮೊಮ್ಮಗಳು ನಮ್ಮ ತೋಟದ ಹಳೆಯ ತೆಂಗಿನ ಮರವನ್ನು ಅಳೆಯುತ್ತಿದ್ದಳು. ಬುಡದಿಂದ 30 ಮೀಟರ್ ದೂರ ನಿಂತರೆ ಸುಳಿ 30 ಡಿಗ್ರಿ ಕೋನದಲ್ಲಿ ಕಾಣುತ್ತಿತ್ತು. ದೂರವನ್ನು ಕೋನದ ಟ್ಯಾನ್‌ನಿಂದ ಗುಣಿಸಿದರೆ ಎತ್ತರ ಸಿಕ್ಕಬೇಕು. ಮೊಬೈಲಿನಲ್ಲಿ ಒತ್ತಿದಳು. ಮೂಡಿದ ಉತ್ತರ, ಮೈನಸ್ 192 ಮೀಟರ್. ಕೆ.ಆರ್. ಪೇಟೆ ಸೀಮೆಯ ಮರವೊಂದು ಮುಗಿಲು ಬಿಟ್ಟು ಪಾತಾಳಕ್ಕೆ ಇಳಿದಿತ್ತು. ಅವಳು ಅದನ್ನು ಹಾಗೆಯೇ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಳು.

ತಪ್ಪು ಎಲ್ಲಿತ್ತು? ಅವಳು ಡಿಗ್ರಿಯಲ್ಲಿ ಕೇಳಿದ್ದಳು, ಮೊಬೈಲು ರೇಡಿಯನ್ನಿನಲ್ಲಿ ಕೇಳಿಸಿಕೊಂಡಿತ್ತು. ಒಂದು ಪೂರ್ಣ ಸುತ್ತಿಗೆ ಡಿಗ್ರಿ 360, ರೇಡಿಯನ್ ಆರೂಕಾಲರಷ್ಟು ಮಾತ್ರ. ಹಾಗಾಗಿ 30 ರೇಡಿಯನ್ ಎಂದರೆ ನಾಲ್ಕು ಸುತ್ತು ಮುಗಿಸಿ ಐದನೆಯದರಲ್ಲಿ ಎಲ್ಲೋ ನಿಂತ ಕೋನ. ಗೂಗಲ್ಲಿನಲ್ಲಿ ಸೈನ್ 30 ಎಂದಷ್ಟೇ ಬರೆದರೂ 0.5 ಬರುವುದಿಲ್ಲ, ಮೈನಸ್ 0.988 ಬರುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ. ನಾವು ಕೇಳದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಬದುಕಿನಲ್ಲೂ ನಮ್ಮ ಎಷ್ಟು ಜಗಳಗಳು ಹೀಗೆಯೇ ಹುಟ್ಟಿಲ್ಲ?

ಅವಳು ಕೆಲವು ದಿನಗಳಿಂದ ಹುಡುಕುತ್ತಿದ್ದುದು ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರನ್ನು. ಮೊಬೈಲಿನಲ್ಲಿ ಇನ್ನೊಂದು ಆ್ಯಪಿಗೆ ಜಾಗವಿಲ್ಲ. ಬ್ರೌಸರಿನಲ್ಲೇ ತೆರೆಯಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು. ಈ ಬೇಡಿಕೆ ನನಗೆ ಹಿತವೆನಿಸಿತು. ಪಕ್ಕದ ಮನೆಯಿಂದ ಬಳ್ಳ ತಂದು, ರಾಗಿ ಅಳೆದು, ಒರೆಸಿ ಹಿಂದಿರುಗಿಸುತ್ತಿದ್ದ ಕಾಲ ನಮ್ಮದು. ಅಳತೆಯ ಸಾಧನ ನಮ್ಮದಾಗಿರಲೇಬೇಕೇ? ಅಳೆಯುವ ಹೊತ್ತಿಗೆ ಕೈಗೆ ಸಿಕ್ಕರೆ ಸಾಲದೇ?

ಆದರೆ ಸಿಕ್ಕುವುದು ಸುಲಭವಲ್ಲ. 1972ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆ ಅಂಗಿಯ ಜೇಬಿಗೆ ಹೊಂದುವ ಮೊದಲ ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ತಂದಾಗ ಅದರಲ್ಲಿದ್ದ ಗುಂಡಿಗಳು 35. ಅದರ ಹೆಸರಿನಲ್ಲೂ ಆ ಸಂಖ್ಯೆಯೇ ಉಳಿಯಿತು. ಇಂದಿನ ಮೊಬೈಲಿನಲ್ಲಿ ಗುಂಡಿಗಳಷ್ಟೇ ಅಲ್ಲ, ಲೆಕ್ಕವೂ ಅದೇ ಗಾಜಿನ ಮೇಲೆ ಕೂರಬೇಕು. ಬೆರಳಿಗೆ ತಪ್ಪದೆ ಸಿಗಬೇಕಾದರೆ ಒಂದೊಂದು ಗುಂಡಿಗೂ ಸುಮಾರು 9 ಮಿಲಿಮೀಟರ್ ಜಾಗ ಬೇಕು. ಏಳು ಸೆಂಟಿಮೀಟರ್ ಅಗಲದಲ್ಲಿ ಸಾಲಿಗೆ ಏಳು ಗುಂಡಿ ಕೂರಿಸುವುದೇ ಪ್ರಯಾಸ. ಉಳಿದವನ್ನು ಎಲ್ಲಿಡುವುದು? ಕೆಲವರು ಮೊಬೈಲನ್ನು ಅಡ್ಡ ಹಿಡಿಯಿರಿ ಎನ್ನುತ್ತಾರೆ. ಕೆಲವರು ಮೇಜಿನ ಕ್ಯಾಲ್ಕುಲೇಟರಿನ ಚಿತ್ರವನ್ನೇ ಕುಗ್ಗಿಸಿ ಇಟ್ಟು, ಸುತ್ತ ಜಾಹೀರಾತು ತುಂಬುತ್ತಾರೆ. ಡೆಸ್ಮೋಸ್ ಜಾಲತಾಣದಂತಹವರು ಗುಂಡಿಗಳನ್ನು ಎರಡು ಮೂರು ಪುಟಗಳಿಗೆ ಹಂಚಿ, ಬರೆದ ಲೆಕ್ಕಕ್ಕೆ ಮೇಲೆ ಜಾಗ ಬಿಡುತ್ತಾರೆ. ಅಲ್ಲಿ ಭಿನ್ನರಾಶಿ ಪುಸ್ತಕದಲ್ಲಿರುವಂತೆಯೇ ಗೆರೆಯ ಮೇಲೆ, ಗೆರೆಯ ಕೆಳಗೆ ಕಾಣುತ್ತದೆ. ಹಿಂದಿನ ಸಾಲುಗಳು ಅಳಿಯದೆ ಉಳಿಯುತ್ತವೆ.

ನನಗೆ ಮುಖ್ಯವೆನಿಸುವುದು ಈ ಉಳಿಯುವಿಕೆ. ಚಿಕ್ಕ ಪರದೆ ಏನನ್ನಾದರೂ ಮರೆಮಾಡಲೇಬೇಕು, ನಿಜ. ಉತ್ತರವನ್ನು ದಪ್ಪಕ್ಷರದಲ್ಲಿ ತೋರಿಸಿ ಪ್ರಶ್ನೆಯನ್ನು ನುಂಗಿಹಾಕುವ ಸಾಧನಕ್ಕಿಂತ, ನಾನು ಏನು ಕೇಳಿದೆ, ಯಾವ ಮಾನದಲ್ಲಿ ಕೇಳಿದೆ ಎಂಬುದನ್ನು ಕಣ್ಣೆದುರು ಇಟ್ಟಿರುವ ಸಾಧನ ಮೇಲು. ಸಿಇಟಿ ಕೊಠಡಿಗೆ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ. ಎಂಜಿನಿಯರಿಂಗ್ ಪರೀಕ್ಷೆಗೆ ಒಯ್ಯಬಹುದಾದರೂ ಮೊಬೈಲಿಗೆ ಪ್ರವೇಶವಿಲ್ಲ. ಮೊಬೈಲಿನ ಲೆಕ್ಕ ಏನಿದ್ದರೂ ಮನೆಯ ಜಗಲಿಯದು, ನಾಗಮಂಗಲದ ಬಸ್ಸಿನ ಕಿಟಕಿಯ ಪಕ್ಕದ್ದು, ಕಲಿಯುವ ಹೊತ್ತಿನದು. ಕಲಿಯುವವರಿಗೆ ದಾರಿ ಕಾಣದ ಉತ್ತರದಿಂದ ಏನು ಪ್ರಯೋಜನ?

ಶ್ರೀರಂಗಪಟ್ಟಣದ ಕಡೆಯ ಯಾವುದೇ ರೈತನನ್ನು ಕೇಳಿ, ಕನ್ನಂಬಾಡಿ ಕಟ್ಟೆ ತುಂಬುವುದು 124.80 ಅಡಿಗೆ. ಆ ಅಂಕಿ ಅವನಿಗೆ ಬರಿಯ ಅಂಕಿಯಲ್ಲ. ಅದರೊಳಗೆ ಪಾಂಡವಪುರದ ನಾಲೆಯಿದೆ, ಕಬ್ಬಿದೆ, ಮಗಳ ಮದುವೆಯ ತಿಂಗಳಿದೆ. ಯಾರಾದರೂ ಚುಕ್ಕೆಯ ಜಾಗ ತಪ್ಪಿಸಿ ನೀರಿನ ಮಟ್ಟ 1248 ಅಡಿ ಎಂದು ಓದಿದರೆ ಅವನು ಕ್ಯಾಲ್ಕುಲೇಟರ್ ತೆಗೆಯುವುದಿಲ್ಲ, ನಕ್ಕುಬಿಡುತ್ತಾನೆ. ಅಂದಾಜು ಎಂದರೆ ಇದೇ: ಅಂಕಿಗೆ ಮೈ ಇದೆ ಎಂದು ಬಲ್ಲ ಅರಿವು. ಅದೇ ಮಣ್ಣಿನ ಮಗು, ತಾನು ಹುಟ್ಟಿದಂದಿನಿಂದ ಕಂಡ ತೆಂಗಿನ ಮರ ನೆಲದೊಳಕ್ಕೆ 192 ಮೀಟರ್ ಇಳಿದಿದೆ ಎಂದರೆ ನಗದೆ ಬರೆದುಕೊಂಡದ್ದೇಕೆ? ನಾವು ಅವಳಿಗೆ ಮಗ್ಗಿ ಕಲಿಸಿದೆವು, ಸೂತ್ರ ಕಲಿಸಿದೆವು. ತಲೆಯೆತ್ತಿ ಮರ ನೋಡು ಎಂದು ಹೇಳಿದ್ದೆವೇ?

1799ರ ಏಪ್ರಿಲಿನಲ್ಲಿ ಇದೇ ಶ್ರೀರಂಗಪಟ್ಟಣದ ಹೊರಬಯಲಲ್ಲಿ ನಡೆದದ್ದೆಂದು ಹೇಳುವ ಒಂದು ಪ್ರಸಂಗವಿದೆ. ರಾತ್ರಿಯಲ್ಲಿ ಬ್ರಿಟಿಷರ ತುಕಡಿಯೊಂದು ಉತ್ತರಕ್ಕೆ ನಡೆಯುತ್ತಿದ್ದೇವೆಂದುಕೊಂಡು ದಕ್ಷಿಣಕ್ಕೆ, ಟಿಪ್ಪುವಿನ ಸೇನೆಯತ್ತಲೇ ನಡೆದಿತ್ತು. ನಕ್ಷತ್ರಗಳನ್ನು ನೋಡಿ ತಪ್ಪು ಕಂಡುಹಿಡಿದವನು ವಿಲಿಯಂ ಲ್ಯಾಂಬ್ಟನ್. ಮೂರು ವರ್ಷದ ನಂತರ ಮದರಾಸಿನಲ್ಲಿ ಮೊದಲ ಗೆರೆ ಅಳೆದು, ಇಡೀ ದೇಶವನ್ನು ತ್ರಿಕೋನಗಳಲ್ಲಿ ಹೆಣೆಯಲು ಹೊರಟವನೂ ಅವನೇ. ಗೆದ್ದವರು ಆಳುವುದಕ್ಕಾಗಿ ಮಾಡಿಸಿದ ಅಳತೆ ಅದು, ಆ ನೋವನ್ನು ನಾವು ಮರೆಯುವುದಿಲ್ಲ. ಆದರೂ ಲಾಗ್ ಕೋಷ್ಟಕದ ಪುಟ ಮಗುಚುತ್ತ, ಕೈಯಲ್ಲೇ ಸೈನುಗಳನ್ನು ಕೂಡಿಸಿ ಕಳೆದ ಆ ಮನುಷ್ಯನ ಕಣ್ಣು ಮೊದಲು ಆಕಾಶದ ಮೇಲಿತ್ತು ಎಂಬುದು ನನ್ನನ್ನು ತಡೆದು ನಿಲ್ಲಿಸುತ್ತದೆ. ಅವನಿಗಿಂತ ಎಷ್ಟೋ ಹಿಂದೆ ಹೊಯ್ಸಳರ ಕಾಲದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಕ್ಷೇತ್ರಗಣಿತ ಬರೆದ. ಅದೇ ಹೊಯ್ಸಳರ ಹೊಸಹೊಳಲಿನ ಗುಡಿಯ ನಕ್ಷತ್ರಾಕಾರದ ಜಗತಿಯನ್ನು ಒಮ್ಮೆ ಸುತ್ತಿ ಬನ್ನಿ. ಕಲ್ಲಿನಲ್ಲಿ ಅಷ್ಟು ಕೋನಗಳನ್ನು ಮಡಿಸಿದವರ ಕೈಯಲ್ಲಿ ಟ್ಯಾನ್ ಗುಂಡಿ ಇರಲಿಲ್ಲ.

ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟೇ: "ಒತ್ತೋಕೆ ಮುಂಚೆ ಒಂದು ಊಹೆ ಬರೆದಿಡು ಮಗಳೆ." ಅವಳು ಮರವನ್ನು ಬಹಳ ಹೊತ್ತು ನೋಡಿ 15 ಎಂದು ಬರೆದಳು. ಪರದೆಯ ಮೂಲೆಯ ಗುರುತನ್ನು ಡಿಗ್ರಿಗೆ ತಿರುಗಿಸಿ ಒತ್ತಿದಳು. 17.3 ಮೀಟರ್ ಬಂತು. "ತಾತ, ಮರ ಮೇಲೆ ಬಂತು ನೋಡು" ಎಂದು ಕೂಗಿದಳು. ಅದನ್ನು ಅಡಿಗೆ ತಿರುಗಿಸಿ 57 ಎಂದಳು.

ಅಷ್ಟರಲ್ಲಿ ಕಾಯಿ ಕೀಳುವವರು ಬಂದರು. ಎಷ್ಟೋ ವರ್ಷದಿಂದ ಆ ಮರ ಹತ್ತಿ ಇಳಿದವರು. ಕಾಲಿನ ಹಗ್ಗದ ಬಳೆ ಸರಿಮಾಡಿಕೊಳ್ಳುತ್ತ ಒಮ್ಮೆ ಮೇಲೆ ನೋಡಿ, "ಅರವತ್ತಡಿಗೆ ಮೋಸ ಇಲ್ಲ ಬುಡಿ ಮೇಷ್ಟ್ರೇ" ಎಂದರು. ಮೂರು ಅಡಿ ಎಲ್ಲಿ ಹೋಯಿತು? ಅವಳು ಪರದೆಯ ಸಾಲುಗಳನ್ನು ಮೇಲಿನಿಂದ ಮತ್ತೆ ಓದಿದಳು. ದೂರ ಸರಿಯಿತ್ತು, ಕೋನ ಸರಿಯಿತ್ತು, ಗುರುತೂ ಸರಿಯಿತ್ತು. ಮತ್ತೆ ಹೋಗಿ ಅದೇ ಜಾಗದಲ್ಲಿ ನಿಂತು, ಕೋನಮಾಪಕವನ್ನು ಕಣ್ಣಿಗೆ ಹಿಡಿದಳು. ಹಿಡಿದವಳು ಹಾಗೆಯೇ ತಡೆದು, ತನ್ನ ಪಾದದ ಕಡೆಗೆ ನೋಡಿಕೊಂಡಳು. ನೆಲದಿಂದ ಕಣ್ಣಿನವರೆಗಿನ ತನ್ನ ಎತ್ತರವನ್ನು ಅವಳು ಲೆಕ್ಕಕ್ಕೆ ಕೂಡಿಸಿಯೇ ಇರಲಿಲ್ಲ.