ನೋಡುವವರ ಲೆಕ್ಕ



2020ರ ಫೆಬ್ರವರಿಯ ಒಂದು ಸುದ್ದಿ ನಿಮಗೆ ನೆನಪಿರಬಹುದು. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮೂಡುಬಿದಿರೆ ಬಳಿಯ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ ಲೆಕ್ಕ ಹಾಕಿದರು: 9.55 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಕರಾವಳಿಯಾಚೆ ಯಾರೂ ಹೆಸರು ಕೇಳದಿದ್ದ ಆ ಕಟ್ಟಡ ಕಾರ್ಮಿಕ ಕೆಲವೇ ದಿನಗಳಲ್ಲಿ ದೇಶದವರ ಮೊಬೈಲುಗಳಲ್ಲೆಲ್ಲ ಕಾಣಿಸಿಕೊಂಡರು. ಕೇಂದ್ರ ಕ್ರೀಡಾ ಸಚಿವರು ಓಟದ ಪರೀಕ್ಷೆಗೆ ಆಹ್ವಾನಿಸಿದರು, ಮುಖ್ಯಮಂತ್ರಿಗಳು ಸನ್ಮಾನಿಸಿದರು.

ಗೌಡರು ಹೇಳಿದ್ದೇನು? ತನ್ನ ಗೆಲುವಿಗೆ ಕೋಣಗಳೇ ಕಾರಣ ಎಂದರು. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು. ಕಂಬಳವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದರು. ಜಗತ್ತು ಹಿಡಿದ ಅಳತೆಗೋಲಿಗೆ ತನ್ನನ್ನು ಒಪ್ಪಿಸಿಕೊಳ್ಳಲಿಲ್ಲ.

ಈಗ ಯೋಚಿಸೋಣ. ಅಂದು ಯಾರೂ ಆ ಓಟವನ್ನು ಚಿತ್ರೀಕರಿಸದೆ ಇದ್ದಿದ್ದರೆ ಓಟದ ವೇಗ ಕಡಿಮೆಯಾಗುತ್ತಿತ್ತೇ? ಇಲ್ಲ. ಲಕ್ಷಾಂತರ ಜನ ನೋಡಿದ ಮೇಲೆ ಹೆಚ್ಚಾಯಿತೇ? ಅದೂ ಇಲ್ಲ. ಮನುಷ್ಯನ ಪರಮಸುಖ ಕೀರ್ತಿಯಲ್ಲಿದೆಯೇ ಎಂದು ಸಂತ ತೋಮಾಸ್ ಅಕ್ವಿನಾಸರು ಏಳುನೂರು ವರ್ಷಗಳ ಹಿಂದೆಯೇ ಕೇಳಿದ್ದರು. ಇಲ್ಲ ಎಂಬುದೇ ಅವರ ಉತ್ತರ. ಅವರು ಕೊಟ್ಟ ಕಾರಣ ಸರಳ: ವಸ್ತು ಮೊದಲೇ ಇರುವುದರಿಂದ ನಾವು ಅದನ್ನು ಅರಿಯುತ್ತೇವೆ, ನಮ್ಮ ಅರಿವು ಅದಕ್ಕೆ ಒಳ್ಳೆಯತನವನ್ನು ಕೊಡಲಾರದು. ದೇವರ ಅರಿವು ಹಾಗಲ್ಲ. ಅವರು ಅರಿತಿರುವುದರಿಂದಲೇ ನಾವು ಇದ್ದೇವೆ.

ಹೊಗಳಿಕೆ ಪಾಪವಲ್ಲ. ಒಳ್ಳೆಯದನ್ನು ಕಂಡು ಮೆಚ್ಚುವುದು ನ್ಯಾಯವೇ ಸರಿ. ಆದರೆ ನಮ್ಮ ಮಕ್ಕಳು ಲೈಕುಗಳನ್ನು ಎಣಿಸುತ್ತಾ, ಹತ್ತೇ ಜನ ನೋಡಿದರೆ ತಮ್ಮ ಬೆಲೆಯೂ ಅಷ್ಟೇ ಎಂದು ನಂಬತೊಡಗಿದ್ದಾರೆ. ಇದು ಆತ್ಮಕ್ಕೆ ತಗಲುವ ಗಾಯ.

ಈ ಗಾಯಕ್ಕೆ ಮೊಬೈಲೊಂದೇ ಕಾರಣವೇ? ಸಿರುಗುಪ್ಪದ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಮಾಡುವ ತಾಯಿ, ಕುರುಗೋಡಿನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿ ಕೈ ಉರಿ ತಾಳಿಕೊಳ್ಳುವ ಅಕ್ಕ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ತಂದೆ, ಇವರ ದುಡಿಮೆಯನ್ನು ಯಾರೂ ಚಿತ್ರೀಕರಿಸುವುದಿಲ್ಲ. ಅದು ಹೋಗಲಿ; ಮನೆಯವರಾದರೂ ಅದನ್ನು ನೋಡುತ್ತಾರೆಯೇ? ಮನೆಯಲ್ಲಿ ಒಂದು ಮೆಚ್ಚುಗೆಯ ಮಾತು ಸಿಗದ ಮಗು ಅಪರಿಚಿತರ ಬಳಿ ಅದನ್ನು ಬೇಡಲು ಹೋದರೆ ಆಶ್ಚರ್ಯವೇನು?

ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಆದರೂ ದೇವರು ತಮ್ಮ ಮಗನನ್ನು ಅವರ ಕೈಗೆ ಒಪ್ಪಿಸಿದರು. ಗುಟ್ಟಾಗಿ ನಡೆಯುವುದನ್ನೂ ಕಾಣುವ ತಂದೆಯ ಬಗ್ಗೆ ಪ್ರಭು ಯೇಸು ನಮಗೆ ಬೋಧಿಸಿದ್ದಾರೆ. ಆ ತಂದೆಯ ನೋಟವನ್ನು ಮಕ್ಕಳು ಮೊದಲು ಕಲಿಯುವುದು ಹೆತ್ತವರ ಕಣ್ಣುಗಳಲ್ಲಿ.

ಆದ್ದರಿಂದ ಈ ವಾರ ಸಂಜೆಯ ಜಪಸರ ಮುಗಿದ ಮೇಲೆ ಪ್ರತಿಯೊಬ್ಬರೂ ಮನೆಯ ಇನ್ನೊಬ್ಬರು ಸದ್ದಿಲ್ಲದೆ ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೆಸರಿಸಿ, ದೇವರಿಗೆ ವಂದನೆ ಸಲ್ಲಿಸಿರಿ. ನೋಡುವವರು ನಾಲ್ಕೇ ಮಂದಿ ಇರಬಹುದು. ಮಗುವಿಗೆ ಅಷ್ಟು ಸಾಕು.