ಮಂಕಾದ ಹುಡುಗ ಕ್ರಾಂತಿಗೆ ಕಾಯಬೇಕೆ?

ಸಮಾಜಕ್ಕೇ ರೋಗ ಬಡಿದಿರುವಾಗ ಹುಡುಗನಿಗೆ ಯಾಕೆ ಮದ್ದು? ನಮ್ಮ ಗೆಳೆಯರು ಸಭೆಗಳಲ್ಲಿ ಎತ್ತುವ ಪ್ರಶ್ನೆ ಇದು. ಇದರಲ್ಲಿ ಅರ್ಧ ಸತ್ಯವಿದೆ.

ಹಳ್ಳಿಯಿಂದ ಹಾಸ್ಟೆಲಿಗೆ ಬಂದ ಹುಡುಗ ಊಟ ಬಿಡ್ತಾನೆ. ರಾತ್ರಿಯೆಲ್ಲ ಸೂರು ನೋಡ್ತಾ ಬಿದ್ದಿರ್ತಾನೆ. ವಾರಗಟ್ಟಲೆ ಕ್ಲಾಸಿಗೆ ಹೋಗಲ್ಲ. ವಾರ್ಡನ್ ಸೋಮಾರಿ ಅಂತಾನೆ. ಮೇಷ್ಟ್ರು 'ಕೋಟಾದಲ್ಲಿ ಬಂದೋನು, ಇಷ್ಟೇ' ಅಂತಾರೆ. ಊರಲ್ಲಿ ಅವ್ವ ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸ್ತಾಳೆ. ಗೆಳೆಯರು 'ಅಳೋದು ಹೇಡಿಗಳ ಕೆಲಸ, ಚಳವಳಿಗೆ ಬಾ' ಅಂತಾರೆ.

ಅಳುವುದು ಹೇಡಿತನವೆ? 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದ ಬಾಬಾಸಾಹೇಬರು ಉಳಿದುಕೊಂಡಿದ್ದ ಪಾರ್ಸಿ ಛತ್ರಕ್ಕೆ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದು ಹೊರಗಟ್ಟಿದರು. ಅಮೆರಿಕದಲ್ಲಿ ಓದಿ ಬಂದ ವಿದ್ವಾಂಸ ಅವರು. 18 ವರ್ಷ ಕಳೆದರೂ ಆ ದೃಶ್ಯ ಮಾಸಿಲ್ಲ, ನೆನೆದಾಗಲೆಲ್ಲ ಕಣ್ಣು ತುಂಬುತ್ತದೆ ಎಂದು ಅವರೇ ಬರೆದಿಟ್ಟಿದ್ದಾರೆ. ಅವಮಾನ ಹೀಗೆ ಮನಸ್ಸಿನೊಳಗೆ ವರ್ಷಗಟ್ಟಲೆ ಬದುಕುತ್ತದೆ. ಅಂಥವರಿಗೇ ಹೀಗಾದರೆ ಹದಿನಾರರ ಹುಡುಗನನ್ನು 'ಗಟ್ಟಿಯಾಗು' ಅಂತ ಗದರಿಸಲು ನಾವು ಯಾರು?

ಕೇರಿಯಲ್ಲಿ ಕಲ್ಲೇಟು ಬಿದ್ದವನ ತಲೆಗೆ ಮೊದಲು ಬಟ್ಟೆ ಕಟ್ಟುತ್ತೇವೆ, ಆಮೇಲೆ ಠಾಣೆಗೆ ನಡೆಯುತ್ತೇವೆ. ಬಟ್ಟೆ ಕಟ್ಟಿದರೆ ಕೇಸು ಬಿದ್ದುಹೋಗುತ್ತೆ ಅಂತ ಯಾರೂ ಹೇಳಲ್ಲ. ಮನಸ್ಸಿನ ಗಾಯಕ್ಕೆ ಮಾತ್ರ ಬೇರೆ ನ್ಯಾಯ ಯಾಕೆ?

ಕಾಯುವಷ್ಟು ಹೊತ್ತೂ ಇಲ್ಲ. ಮನಸ್ಸಿನ ಕಾಯಿಲೆಗಳಲ್ಲಿ ಅರ್ಧದಷ್ಟು 18 ವರ್ಷದೊಳಗೇ ಶುರುವಾಗುತ್ತವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹೈಸ್ಕೂಲಿನಲ್ಲಿ, ನಮ್ಮ ಮೇಷ್ಟ್ರುಗಳ ಕಣ್ಣೆದುರಲ್ಲಿ. ಮದ್ದಿರುವುದು ಬೆಂಗಳೂರಿನಲ್ಲಿ ಮಾತ್ರ ಅನ್ನುವುದೂ ಸುಳ್ಳು. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಈ ಚಿಕಿತ್ಸೆ ಆಗುತ್ತದೆಂದು ತೋರಿಸಿತು. ಆ ಮಾದರಿಯಿಂದಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ. 14416ಕ್ಕೆ ಕಾಸಿಲ್ಲದೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಎಷ್ಟು ಹಾಸ್ಟೆಲಿನ ಗೋಡೆ ಮೇಲೆ ಈ ನಂಬರು ಬರೆದಿದೆ? ಹೋಗಿ ನೋಡಿ. ಮಲಗುವ ಹೊತ್ತು, ಗೇಟು ಹಾಕುವ ಹೊತ್ತು ಮಾತ್ರ ದಪ್ಪಕ್ಷರದಲ್ಲಿರುತ್ತೆ.

100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ವಿದ್ಯಾಸಂಸ್ಥೆ ಒಬ್ಬ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಇಟ್ಟುಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. ಕೇಳಿ ಪಡೆಯೋಣ, ಕೊಡದಿದ್ದರೆ ಧರಣಿ ಕೂರೋಣ.

ಆದರೆ ಗೆಳೆಯರ ಅರ್ಧ ಸತ್ಯ ಬೇಕಾಗುವುದು ಇಲ್ಲೇ. ಹುಡುಗ ಆ ಕುರ್ಚಿಯ ಎದುರು ಕೂತು, ಮೆಸ್ಸಿನಲ್ಲಿ ತನ್ನ ಪಕ್ಕ ಯಾರೂ ಕೂರಲ್ಲ, ಹಾಜರಿ ಕೂಗುವಾಗ ಜಾತಿ ಹಿಡಿದು ನಗ್ತಾರೆ ಅಂತ ಹೇಳ್ತಾನೆ. ಕೇಳುವವರು ಅದನ್ನು ಬರೆದುಕೊಂಡು ಪ್ರಿನ್ಸಿಪಾಲರ ಬಾಗಿಲು ತಟ್ಟಬೇಕು. 'ಹೊಂದ್ಕೊಂಡು ಹೋಗಪ್ಪಾ' ಅಂದರೋ, ಅವನು ಎರಡನೇ ಸಲ ಆ ಕೋಣೆಗೆ ಬರಲ್ಲ.